ಚಿಕ್ಕ ಹೂವಿನ ಪಕ್ಷ

ಪ್ರಾಜೆಕ್ಟ್ ಗೋ-ಲೈವ್ ಆದ ದಿನ ತಂಡದವರು ನನಗೊಂದು ಫೆಲನಾಪ್ಸಿಸ್ ಆರ್ಕಿಡ್ ಕೊಟ್ಟರು. ಅಂಗೈಯಗಲದ ಬಿಳಿ ಹೂಗಳು. ಪುಣೆಯ ನಮ್ಮ ಊಟದ ಮೇಜಿನ ಮೇಲೆ ಎರಡು ತಿಂಗಳಾದರೂ ಬಾಡಿರಲಿಲ್ಲ. ಬಂದವರೆಲ್ಲ ಮುಟ್ಟಿ ನೋಡಿ 'ಪ್ಲಾಸ್ಟಿಕ್ಕಾ?' ಎಂದು ಕೇಳುತ್ತಿದ್ದರು. ನಾನು ಸ್ವಲ್ಪ ಬಿಗುಮಾನದಿಂದಲೇ ಹೇಳುತ್ತಿದ್ದೆ: ನನಗೆ ಚಿಕ್ಕ ಹೂವಿನ ಆರ್ಕಿಡ್ಡೇ ಇಷ್ಟ.

ಸುಳ್ಳಲ್ಲ. ಮಳೆಗಾಲದಲ್ಲಿ ಘಟ್ಟ ಸುತ್ತುವ ಚಟ ಹತ್ತಿದ ಮೇಲೆ ಜೇಬಿನಲ್ಲೊಂದು ಭೂತಗನ್ನಡಿ ಇಟ್ಟುಕೊಳ್ಳುತ್ತೇನೆ. ಒಬೆರೋನಿಯಾ ಎಂಬ ಆರ್ಕಿಡ್ಡಿನ ಹೂಗೊಂಚಲು ಕೊಂಬೆಯಿಂದ ಇಲಿಬಾಲದಂತೆ ಇಳಿಬಿದ್ದಿರುತ್ತದೆ. ಒಂದೊಂದು ಹೂ ಎರಡು ಮಿಲಿಮೀಟರ್ ಆಸುಪಾಸು. ಕನ್ನಡಿ ಹಿಡಿದರೆ ಅದರೊಳಗೂ ಮೂರು ಪುಷ್ಪಪತ್ರ, ಮೂರು ಎಸಳು, ಆ ಎಸಳುಗಳಲ್ಲೊಂದು ತುಟಿಯಂತೆ ಬೇರೆಯಾದದ್ದು. ಮೇಜಿನ ಮೇಲಿನ ಹೂವಿನಲ್ಲಿರುವ ಯಾವುದೂ ಅಲ್ಲಿ ಕಡಿಮೆಯಿಲ್ಲ. ಆರ್ಕಿಡ್ ಕುಟುಂಬದ ಸುಮಾರು 28,000 ಪ್ರಭೇದಗಳಲ್ಲಿ ಹೆಚ್ಚಿನವುಗಳ ಹೂ ಚಿಕ್ಕವೇ. ಅಂಗಡಿಯ ದೊಡ್ಡ ಹೂ ನಮ್ಮಂಥವರ ಕಣ್ಣಿಗಾಗಿ ಆರಿಸಿ, ತಳಿ ಬೆರೆಸಿ ಬೆಳೆಸಿದ್ದು.

'ಇಷ್ಟ' ಎಂದರೆ ಮುಗಿಯಿತು, ಕಾರಣ ಕೇಳಬಾರದು ಎಂದುಕೊಂಡಿದ್ದೇವೆ. ಕಾಂಟ್ 1790ರಲ್ಲೇ ಇಲ್ಲೊಂದು ಗೆರೆ ಎಳೆದ: 'ನನಗೆ ಹಿಡಿಸಿತು' ಎನ್ನುವವನು ಯಾರ ಒಪ್ಪಿಗೆಯನ್ನೂ ಬೇಡುವುದಿಲ್ಲ, 'ಇದು ಸುಂದರ' ಎನ್ನುವವನು ಎಲ್ಲರೂ ಒಪ್ಪಬೇಕೆಂದು ಬಯಸುತ್ತಾನೆ. ನಾನು ಮೊದಲನೆಯದರ ಮರೆಯಲ್ಲಿ ನಿಂತು ಎರಡನೆಯದನ್ನು ಹೇಳುತ್ತಿದ್ದೆ. ಹೆಂಡತಿ ಒಂದು ದಿನ ಹಿಡಿದಳು: "ಚಿಕ್ಕ ಹೂ ಇಷ್ಟ ಅನ್ನೋದು ನಿಮ್ಮ ದೊಡ್ಡತನ ತೋರ್ಸೋಕೆ. ಚಿಕ್ಕದು ಅಷ್ಟು ಚೆನ್ನಾಗಿ ಕಾಣೋದಾದ್ರೆ ಅಪ್ರೈಸಲ್‌ನಲ್ಲಿ ಯಾಕೆ ಕಾಣ್ಲಿಲ್ಲ?"

ಅವಳು ಹೇಳಿದ್ದು ತಂಡದಲ್ಲಿದ್ದ ಒಬ್ಬ ಹುಡುಗಿಯ ವಿಷಯ. ರಾತ್ರಿ ಪಾಳಿಯಲ್ಲಿ ಲಾಗ್ ಓದಿ, ಸಿಸ್ಟಮ್ ಕೈಕೊಡುವ ಮೊದಲೇ ಸರಿಪಡಿಸುತ್ತಿದ್ದವಳು. ಏನೂ ಆಗದ ರಾತ್ರಿಗಳಿಗೆ ಸ್ಲೈಡ್ ಇರುವುದಿಲ್ಲ. ಗ್ರಾಹಕರ ಮುಂದೆ ಡೆಮೊ ಕೊಟ್ಟವನಿಗೆ ಮೇಲಿನ ರೇಟಿಂಗ್, ಇವಳಿಗೆ ನಡುವಿನದು. ತೀರ್ಮಾನ ನನ್ನದೇ. ಮೂರು ತಿಂಗಳಲ್ಲಿ ಕೆಲಸ ಬಿಟ್ಟಳು. ಹೋಗುವಾಗ ದೂರಲಿಲ್ಲ, ಅದು ಇನ್ನೂ ಕಷ್ಟ. ಬೆಲ್ ಕರ್ವ್ ಎಂದು ಸಮಜಾಯಿಷಿ ಕೊಡಬಹುದು. ಆದರೆ ಘಟ್ಟದಲ್ಲಿ ಮಂಡಿಯೂರಿ ನೋಡಬಲ್ಲ ಕಣ್ಣು ಆಫೀಸಿನಲ್ಲಿ ಮುಚ್ಚಿಕೊಳ್ಳುತ್ತದೆಂದರೆ, ನನ್ನದು ಅಭಿರುಚಿಯೋ, ಬರೀ ವಾರಾಂತ್ಯದ ಶೋಕಿಯೋ?

ಈ ಸಲ ಮೇ ತಿಂಗಳಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೋದಾಗ ಹಲಸಿನ ಮರದಲ್ಲಿ ಸೀತಾಳೆ ದಂಡೆ ಬಿಟ್ಟಿತ್ತು. (ಅಸ್ಸಾಮಿನ ಸಹೋದ್ಯೋಗಿಗೆ ಫೋಟೊ ಕಳಿಸಿದೆ; ಅವರಿಗದು ಕೊಪೌ ಫೂಲ್, ಬಿಹುವಿಗೆ ಮುಡಿಯುತ್ತಾರೆ.) ಒಂದು ಹೂ ಬಿಡಿಸಿ ಅಮ್ಮನಿಗೆ ತೋರಿಸಿದೆ: ನೋಡು, ಹೆಬ್ಬೆರಳ ಉಗುರಿನಷ್ಟು, ಬಿಳಿಯ ಮೇಲೆ ನೇರಳೆ ಚುಕ್ಕೆ. ಅಮ್ಮ ಹೂವಿನ ಕಡೆ ನೋಡಲೇ ಇಲ್ಲ. "ಕಿತ್ಯಾ? ಅದಕ್ಕೆ ದಂಡೆ ಅಂತ ಹೆಸ್ರಿಟ್ಟಿದ್ದು ಸುಮ್ನೆ ಅಲ್ಲ ಮಾರಾಯ. ಒಂದು ಹೂ ಹಿಡ್ಕೊಂಡು ಏನ್ ಮಾಡ್ತೀಯ?"

ದೂರದಿಂದ ಬರುವ ಹುಳಕ್ಕೆ ಕಾಣುವುದು ಅಡಿಯುದ್ದದ ಗೊಂಚಲು, ಹತ್ತಿರ ಬಂದ ಮೇಲೆ ಹೂ. ಹಾಗಾದರೆ ಇದು ಚಿಕ್ಕ ಹೂವಿನದೋ, ದೊಡ್ಡ ಹೂವಿನದೋ? ಯಾವುದನ್ನು 'ಒಂದು' ಎಂದು ಎಣಿಸುತ್ತೇವೆ ಎನ್ನುವುದು ಮೊದಲು ತೀರ್ಮಾನವಾಗಬೇಕು. ಅವಳ ರಾತ್ರಿಗಳನ್ನು ನಾನು ಒಂದೊಂದಾಗಿ ನೋಡಿ, ಒಂದೊಂದೂ ಸಣ್ಣದೆಂದು ಬಿಟ್ಟಿದ್ದೆ.

ಪುಣೆಗೆ ಮರಳಿ ಅವಳಿಗೊಂದು ಕ್ಷಮಾಪಣೆ ಟೈಪ್ ಮಾಡಿದೆ, ಅಳಿಸಿದೆ; ಅದು ನನ್ನ ಸಮಾಧಾನಕ್ಕೇ ಹೆಚ್ಚು ಅನ್ನಿಸಿತು. ಬದಲಿಗೆ ಅವಳು ಏನೇನು ತಪ್ಪಿಸಿದ್ದಳೆಂದು ಒಂದೂ ಬಿಡದೆ ಬರೆದು, ಕೇಳದಿದ್ದರೂ ಒಂದು ಶಿಫಾರಸು ಪತ್ರ ಕಳಿಸಿದೆ. 'ಥ್ಯಾಂಕ್ಸ್ ಸರ್' ಎಂದಷ್ಟೇ ಉತ್ತರ ಬಂತು. ಅದನ್ನು ಹೇಗೆ ಓದಬೇಕೆಂದು ಇನ್ನೂ ಗೊತ್ತಾಗಿಲ್ಲ.