ಬರೆದ ಕೈ, ಒತ್ತಿದ ಹೆಬ್ಬೆಟ್ಟು

ಎಐ ಇರುವ ಯಾವುದಾದರೂ ಫೋನಿನಲ್ಲಿ 'ಇಳಕಲ್ ಸೀರೆ ಮಾರುತ್ತೇನೆ, ಗಿರಾಕಿಗಳನ್ನು ಸೆಳೆಯುವಂಥ ಒಂದು ಪೋಸ್ಟ್ ಬರೆದುಕೊಡು' ಎಂದು ಕೇಳಿ ನೋಡಿ. ಅರೆ ನಿಮಿಷದೊಳಗೆ ಬರಹ ಸಿದ್ಧ. ತಲೆಮಾರುಗಳ ಪರಂಪರೆ, ಕೈಮಗ್ಗದ ಸೊಬಗು, ಎಳೆಎಳೆಯಲ್ಲೂ ಒಂದು ಕಥೆ, ನೇಕಾರರ ಬೆವರು, ಎಲ್ಲವೂ ಅದರಲ್ಲಿ ಇರುವ ಸಾಧ್ಯತೆ ಹೆಚ್ಚು. ನಿಮ್ಮ ಸೀರೆ ಕೈಮಗ್ಗದ್ದೋ ಪವರ್‌ಲೂಮಿನದೋ ಎಂದು ನೀವು ಹೇಳಿರಲಿಲ್ಲ. ನಿಮ್ಮ ಅಜ್ಜ ನೇಕಾರನಾಗಿದ್ದನೇ ಎಂದು ಅದು ಕೇಳಿರಲೂ ಇಲ್ಲ.

ಇದನ್ನು ಕಂಡು 'ಸ್ವಂತ ಮಾತಿನಲ್ಲಿ ಬರೆದುಕೊಳ್ಳಬಾರದೇ' ಎಂದು ಮೂಗು ಮುರಿಯುವುದು ಬರೆಯುವುದೇ ಕಸುಬಾದ ನಮ್ಮಂಥವರಿಗೆ ಸುಲಭ. ಸಾವುಕಾರನಿಂದ ನೂಲು ತಂದು, ಸೀರೆ ನೇಯ್ದು, ಕೂಲಿ ಪಡೆಯುವ ನೇಕಾರನಿಗೆ ತನ್ನ ಸೀರೆ ಉಟ್ಟವರ ಮುಖ ಕಾಣುವುದೇ ಅಪರೂಪ. ಇಳಕಲ್ ಸೀರೆಯನ್ನು ಮಹಾರಾಷ್ಟ್ರದಲ್ಲಿ 'ಇರಕಲ್' ಎಂದು ಕರೆದು ಇಷ್ಟಪಟ್ಟು ಉಡುವವರಿದ್ದಾರೆ. ಅವರಿಗೆ ನೇರವಾಗಿ ಮಾರಬೇಕೆಂದರೆ ಮರಾಠಿ ಬೇಕು, ಬೆಂಗಳೂರಿನ ಕೆಲವರಿಗೆ ಇಂಗ್ಲಿಷ್ ಬೇಕು. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವನಿಗೆ ಈ ಎರಡೂ ಭಾಷೆಯನ್ನು ಫೋನು ಒದಗಿಸುತ್ತದೆ ಎಂದರೆ, ಮಾತು ಬಲ್ಲವರ ಕೈಯಲ್ಲಿದ್ದ ಒಂದು ಅಧಿಕಾರ ಅವನ ಕೈಗೂ ಬಂತು ಎಂದರ್ಥ. ಅದನ್ನು ಬೇಡವೆನ್ನಲು ನಮಗೇನು ಹಕ್ಕಿದೆ?

ಅಲ್ಲದೆ ಹೊಗಳಿಕೆ ಈ ಜಿಲ್ಲೆಗೆ ಹೊಸದೇನಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನವಿದೆ. ಇಮ್ಮಡಿ ಪುಲಕೇಶಿಯನ್ನು ಕೊಂಡಾಡುವ ಸಂಸ್ಕೃತ ಪ್ರಶಸ್ತಿ ಅದು. ಹರ್ಷನ ಹರ್ಷವೇ ಉಳಿಯಲಿಲ್ಲವೆಂದು ಶತ್ರುವಿನ ಹೆಸರಿನ ಮೇಲೆ ಶ್ಲೇಷೆ ಮಾಡುವಷ್ಟು ಜಾಣ ಬರಹ. ಆದರೆ ಅದನ್ನು ರಚಿಸಿದ ರವಿಕೀರ್ತಿ ತನ್ನ ಹೆಸರನ್ನು ಅಲ್ಲಿಯೇ ಹಾಕಿದ್ದಾನೆ, ಕಾಳಿದಾಸ ಭಾರವಿಯರ ಜೊತೆ ತನ್ನನ್ನು ಹೋಲಿಸಿಕೊಂಡೂ ಇದ್ದಾನೆ. ಹೊಗಳಿಸಿಕೊಂಡವನು ಯಾರು, ಹೊಗಳಿದವನು ಯಾರು ಎಂದು ಓದುವವರಿಗೆ ತಿಳಿಯುತ್ತದೆ. ಎಷ್ಟು ನಂಬಬೇಕು ಎಂಬ ಲೆಕ್ಕವನ್ನು ಅವರು ತಾವೇ ಹಾಕಿಕೊಳ್ಳಬಹುದು.

ಇನ್ನೂ ಹತ್ತಿರದ ಉದಾಹರಣೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದಿನ ಪತ್ರ ಬರಹಗಾರ. ಹೊಲ ಮಾರುವವನಿಗೆ ಓದು ಬರದಿದ್ದರೆ ಕ್ರಯಪತ್ರವನ್ನು ಇನ್ನೊಬ್ಬರು ಬರೆದುಕೊಡುತ್ತಿದ್ದರು. ಮೈಸೂರು ಸೀಮೆಯ ಹಳೆಯ ಪತ್ರಗಳಲ್ಲಿ ಬರೆದವನು ಕೊನೆಗೆ 'ಬಿಕ್ಕಲಂ' ಎಂದು ತನ್ನ ಹೆಸರು ಹಾಕುತ್ತಿದ್ದ. ಈ ಕಲಮು ನನ್ನದು, ಅಷ್ಟೇ ಎಂದು ಅದರ ಅರ್ಥ. ಪತ್ರದಲ್ಲಿರುವ ಮಾತು ಮಾತ್ರ ಮಾರುವವನದು. ಅದನ್ನು ಓದಿಸಿ ಕೇಳಿ, ಒಪ್ಪಿ, ಅವನು ಹೆಬ್ಬೆಟ್ಟು ಒತ್ತಬೇಕಿತ್ತು. ಬೇರೆಯವರ ಕೈಯಲ್ಲಿ ಬರೆಸಿದ್ದು ಅಪ್ರಾಮಾಣಿಕತೆ ಎಂದು ಯಾರೂ ಅನ್ನಲಿಲ್ಲ.

ಹಾಗಾದರೆ ಎಐ ಕೂಡ ಒಂದು ಬಿಕ್ಕಲಂ ಎಂದು ಸುಮ್ಮನಾಗಬಹುದೇ? ಒಂದು ಕಡೆ ಈ ಹೋಲಿಕೆ ಮುರಿಯುತ್ತದೆ. ಪತ್ರ ಬರಹಗಾರನಿಗೆ ಗೊತ್ತಿಲ್ಲದ್ದು ಎದುರಾದರೆ ಅವನು ಕಲಮು ನಿಲ್ಲಿಸಿ ಕೇಳುತ್ತಾನೆ: ಮೂಡಲಕ್ಕೆ ಯಾರ ಹೊಲ, ಪಡುವಲಕ್ಕೆ ಯಾವ ದಾರಿ? ಯಂತ್ರ ತಾನಾಗಿ ಹಾಗೆ ನಿಲ್ಲುವುದು ಕಡಿಮೆ. ಅಪಾರ ಬರಹಗಳನ್ನು ನುಂಗಿ, ಒಂದು ಮಾತಿನ ಹಿಂದೆ ಯಾವ ಮಾತು ಬರುವ ಸಾಧ್ಯತೆ ಹೆಚ್ಚು ಎಂಬ ಅಂದಾಜಿನ ಮೇಲೆ ಅದು ಬರೆಯುತ್ತದೆ. ಇಳಕಲ್ ಎಂಬ ಹೆಸರಿನ ಪಕ್ಕ ಕೈಮಗ್ಗ ಎಂಬ ಮಾತು ಸಾವಿರ ಸಲ ಬಂದಿದ್ದರೆ ಇಲ್ಲಿಯೂ ಬರುತ್ತದೆ. ಸುಳ್ಳು ಹೇಳುವ ಉದ್ದೇಶ ಅದಕ್ಕಿಲ್ಲ, ನಿಜ ಹೇಳುವ ಉದ್ದೇಶವೂ ಇಲ್ಲ. ಖಾಲಿ ಬಿಡಬೇಕಾದ ಜಾಗವನ್ನು ಅದು ಚೆಂದದ ಮಾತಿನಿಂದ ತುಂಬುತ್ತದೆ. ನಾವು ಅದನ್ನು ಓದದೆ 'ಪೋಸ್ಟ್' ಒತ್ತಿದ ಕ್ಷಣದಲ್ಲಿ ಆ ಮಾತು ನಮ್ಮದಾಗುತ್ತದೆ, ಸುಳ್ಳಾಗಿದ್ದರೆ ಸುಳ್ಳೂ ನಮ್ಮದೇ.

ಜಾಹೀರಾತು ಎಂದರೆ ಉತ್ಪ್ರೇಕ್ಷೆ ಇದ್ದದ್ದೇ, ಗಿರಾಕಿಗೂ ಅದು ಗೊತ್ತು ಎಂದು ಯಾರಾದರೂ ಹೇಳಬಹುದು. ಹೊಗಳಿಕೆಯ ಮಟ್ಟಿಗೆ ಈ ಮಾತು ಸರಿ. 'ಕಣ್ಣಿಗೆ ಹಬ್ಬ' ಎಂದು ಬರೆದರೆ ಯಾರೂ ಮೋಸ ಹೋಗುವುದಿಲ್ಲ. ಆದರೆ 'ಕೈಮಗ್ಗದ್ದು', 'ಸೆರಗು ಅಪ್ಪಟ ರೇಷ್ಮೆ', 'ನಮ್ಮ ಮನೆಯಲ್ಲೇ ನೇಯ್ದದ್ದು' ಎಂಬುವು ಹೊಗಳಿಕೆಯಲ್ಲ, ಸಾಕ್ಷಿ. ಗಿರಾಕಿ ಆ ಸಾಕ್ಷಿಯನ್ನು ನಂಬಿ ಹೆಚ್ಚು ದುಡ್ಡು ಕೊಡುತ್ತಾಳೆ. ಬಾದಾಮಿಯ ಗೈಡ್ ಒಬ್ಬ ಮೇಣಬಸದಿಗಳ ಮುಂದೆ ಸಂಜೆಯ ಬೆಳಕು ಕೆಂಡದಂತೆ ಹೊಳೆಯುತ್ತದೆ ಎಂದು ಎಐಯಿಂದ ಬರೆಸಿದರೆ ತಪ್ಪೇನು? ಮೂರನೆಯ ಗುಹೆ ಮಂಗಳೇಶ ಮಾಡಿಸಿದ್ದು, ಅಲ್ಲಿ 578ರ ಶಾಸನವಿದೆ ಎಂದು ತಿಳಿದು ಬರೆಸಿದರೆ ಇನ್ನೂ ಒಳ್ಳೆಯದು. ನಿನ್ನೆಮೊನ್ನೆ ಕೆಲಸ ಶುರುಮಾಡಿದವನು 'ಹದಿನೈದು ವರ್ಷಗಳ ಅನುಭವ' ಎಂಬ ಸಾಲನ್ನು ಹಾಗೆಯೇ ಬಿಟ್ಟರೆ ಅದು ಬೇರೆ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತನ್ನು ತಪ್ಪೆಂದೇ ಎಣಿಸುತ್ತದೆ. ಯಂತ್ರ ಬರೆಯಿತು ಎಂಬುದು ಅಲ್ಲಿ ನೆಪವಾಗಲಾರದು.

ಇದರಲ್ಲಿ ಮೋಸಹೋದ ಗಿರಾಕಿ ಕಳೆದುಕೊಳ್ಳುವುದು ಒಂದು ಸಲ. ನಿಜವಾದ ನೇಕಾರ ದಿನವೂ ಕಳೆದುಕೊಳ್ಳುತ್ತಾನೆ. ಮೊದಲು ಮಾತೇ ಒಂದಿಷ್ಟು ಪುರಾವೆಯಾಗಿತ್ತು. ಒಡಲಿನ ಹಾಸು ಎಳೆಗೂ ಸೆರಗಿನ ಹಾಸು ಎಳೆಗೂ ಕೊಂಡಿ ಹಾಕಿ ಜೋಡಿಸುವುದು ಇಳಕಲ್ ಸೀರೆಯ ಗುರುತು. ಆ ಕೊಂಡಿಯ ಬಗ್ಗೆ, ತೋಪು ತೆನಿಯ ಬಗ್ಗೆ, ಗೋಮಿ ದಡಿ, ಗಾಡಿ ದಡಿಯ ಬಗ್ಗೆ ವಿವರವಾಗಿ ಮಾತಾಡಬಲ್ಲವನು ಮಗ್ಗದ ಹತ್ತಿರ ಕೂತವನೇ ಇರಬೇಕು ಎಂದು ಕೇಳುವವರು ತಿಳಿಯುತ್ತಿದ್ದರು. ಈಗ ಮಗ್ಗವನ್ನೇ ಕಾಣದವನೂ ಅಷ್ಟೇ ವಿವರವಾಗಿ, ಅವನಿಗಿಂತ ಚೆಂದವಾಗಿ ಹೇಳಬಲ್ಲ. ಎಲ್ಲರ ಪುಟದಲ್ಲೂ ತಲೆಮಾರುಗಳ ಪರಂಪರೆ ಇದ್ದರೆ, ನಿಜವಾಗಿಯೂ ನಾಲ್ಕು ತಲೆಮಾರಿನಿಂದ ನೇಯ್ದವರು ಏನು ಬರೆಯಬೇಕು? ಇಳಕಲ್ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಅವು ನೆರವಾಗುತ್ತವೆ. ಆದರೂ ಊರಿನ ಹೆಸರಿನ ಮೇಲಿನ ನಂಬಿಕೆ ಊರಿನವರೆಲ್ಲರ ಸೊತ್ತು, ಕೆರೆಯ ನೀರಿನ ಹಾಗೆ. ಒಬ್ಬೊಬ್ಬರು ಒಂದೊಂದು ಕೊಡ ಕೆಸರು ಸುರಿದರೂ ಸಾಕು, ಕುಡಿಯುವ ನೀರು ಯಾರಿಗೂ ಸಿಗುವುದಿಲ್ಲ.

ಹಾಗೆಂದು ಫೋನು ಬದಿಗಿಡಬೇಕಿಲ್ಲ. ಪ್ರಾಂಪ್ಟನ್ನು ಪತ್ರ ಬರಹಗಾರನಿಗೆ ಕೊಡುವ ಹೇಳಿಕೆಯಂತೆ ಕೊಟ್ಟರೆ ಸಾಕು. ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್, ಕುಣಿಮಗ್ಗದಲ್ಲಿ ನೇಯ್ದದ್ದು, ಇಷ್ಟು ದಿನ ಹಿಡಿಯಿತು, ಇಷ್ಟು ಬೆಲೆ. ಜೊತೆಗೆ ಎರಡು ಮಾತು: ನಾನು ಹೇಳದ್ದನ್ನು ಸೇರಿಸಬೇಡ, ಗೊತ್ತಿಲ್ಲದಿದ್ದರೆ ನನ್ನನ್ನೇ ಕೇಳು. ಆಮೇಲೆ ಬಂದ ಬರಹವನ್ನು ಗಟ್ಟಿಯಾಗಿ ಓದಬೇಕು. ಓದಲು ಬಾರದ ಭಾಷೆಯಾದರೆ ಬಲ್ಲವರಿಂದ ಓದಿಸಿ ಕೇಳಬೇಕು. ಗಿರಾಕಿ ಮನೆ ಬಾಗಿಲಿಗೆ ಬಂದು ತೋರಿಸಿ ಎಂದರೆ 'ಅಕ್ಕಾರ, ಸೀರಿ ತಿರುವಿ ಕೊಂಡಿ ನೋಡ್ರಿ' ಎನ್ನುವಷ್ಟು ಧೈರ್ಯ ಪ್ರತಿ ಸಾಲಿಗೂ ಇದೆಯೇ ಎಂದು ಕೇಳಿಕೊಳ್ಳಬೇಕು. ಇಲ್ಲದ ಸಾಲನ್ನು ಅಳಿಸಬೇಕು. ಪವರ್‌ಲೂಮಿನದಾದರೆ ಹಾಗೆಂದೇ ಬರೆಯಬಹುದು, ಅದರಲ್ಲಿ ನಾಚಿಕೆಯೇನಿದೆ? ಕಡಿಮೆ ದುಡ್ಡಿನಲ್ಲಿ ಮಗಳಿಗೆ ಸೀರೆ ತರಬೇಕಾದವರಿಗೆ ಅದೇ ಬೇಕು.

ಇಂಥ ಪೋಸ್ಟಿಗೆ ಲೈಕು ಕಡಿಮೆ ಬರಬಹುದು. ಪಕ್ಕದ ಪುಟದವನು ನಾಲ್ಕು ಸೀರೆ ಮಾರಿದಾಗ ಇವನು ಒಂದು ಮಾರಬಹುದು. ಬಡ್ಡಿ ಕಟ್ಟುವ ಮನೆಗೆ ಆ ಮೂರು ಸೀರೆ ಸಣ್ಣ ನಷ್ಟವಲ್ಲ. ಅದಕ್ಕೇ ಈ ಹೊಣೆಯನ್ನು ಮಾರುವವನ ತಲೆಗೇ ಕಟ್ಟಿ ಕೈತೊಳೆದುಕೊಳ್ಳಲು ಕೊಳ್ಳುವ ನಮಗೂ ಬರುವುದಿಲ್ಲ. ಸೊಗಸಾದ ಸಾಲು ಓದಿ ಮರುಳಾಗುವ ಮುಂಚೆ ಯಾವ ಮಗ್ಗ, ಯಾವ ನೂಲು, ನೇಯ್ದವರು ಯಾರು ಎಂದು ಕೇಳಬಹುದು. ಕೇಳುವವರು ಹೆಚ್ಚಾದರೆ, ಹೇಳಬಲ್ಲವನು ಹೆಬ್ಬೆಟ್ಟು ಒತ್ತಿದ್ದಕ್ಕೂ ಬೆಲೆ ಬರುತ್ತದೆ.