ಭಿಕ್ಷೆಯ ರಾಗಿ, ಮಾತಿನ ರಾಗಿ

ಮಾತಿನ ನಡುವೆ ಯಾರಾದರೂ ಪದ ಒಡೆದು ನಗಿಸಿದರೆ ‘ತಮಾಷೆ ಸಾಕು’ ಎಂದು ಹಿರಿಯರು ಗದರುವುದುಂಟು. ದೇವರ ವಿಚಾರದಲ್ಲಂತೂ ಶ್ಲೇಷೆ ಹಗುರತನವೆಂದೇ ಹಲವರ ಎಣಿಕೆ.

ಪುರಂದರದಾಸರು ಹಾಗೆ ಎಣಿಸಲಿಲ್ಲ. ಭಿಕ್ಷೆಗೆ ರಾಗಿ ಕೇಳುವ ಅವರ ಪ್ರಸಿದ್ಧ ಕೀರ್ತನೆ ನಿಂತಿರುವುದೇ ಶ್ಲೇಷೆಯ ಮೇಲೆ. ‘ಒಳ್ಳೆಯವರಾಗಿ’ ಎಂದು ಹೇಳಿ ನೋಡಿ, ಕೊನೆಯಲ್ಲಿ ‘ರಾಗಿ’ ಕೇಳಿಸುತ್ತದೆ. ಬಾಗಿಲಿಗೆ ಬಂದ ಗೃಹಿಣಿಗೆ ಮೊರದ ಧಾನ್ಯವೂ ಅದೇ, ಬದುಕು ತಿದ್ದಿಕೊಳ್ಳುವ ಕರೆಯೂ ಅದೇ. ಇದಕ್ಕೆ ನಿಘಂಟು ಬೇಡ, ಅಡುಗೆಮನೆಯ ಕನ್ನಡ ಸಾಕು.

ಎಲ್ಲ ಶಬ್ದಗಳೂ ಮುಖ್ಯಾರ್ಥದಲ್ಲಿ ವಿಷ್ಣುವನ್ನೇ ಹೇಳುತ್ತವೆ ಎಂಬುದು ದಾಸರು ನಂಬಿದ ಮಧ್ವಮತ. ಹಾಗಿರುವಾಗ ಪದದೊಳಗೆ ಇನ್ನೊಂದು ಅರ್ಥ ಕಾಣುವುದು ಅಪಚಾರ ಹೇಗಾದೀತು?

ಮುಂಬೈ ಬಳಿಯ ಠಾಕುರ್ಲಿಯ ಫ್ಲ್ಯಾಟಿನಲ್ಲಾಗಲಿ ತುಮಕೂರಿನ ಮನೆಯಲ್ಲಾಗಲಿ, ಮಕ್ಕಳು ಪದ ಒಡೆದು ನಕ್ಕರೆ ಗದರಬೇಡಿ. ಈ ಕೀರ್ತನೆಯನ್ನು ಹಾಡಿಸಿ.