ಕೈಕಸಬೂ ಮುಖ್ತ್ಯಾರನಾಮೆಯೂ

ಅಂಗಮರ್ದನದಿಂದ ಜೀವನ ಸಾಗಿಸುವವನು ಹಾಸಿಗೆ ಹಿಡಿದರೆ ಅವನ ಕಸಬಿನ ಗತಿ ಏನು? ತನ್ನ ಸ್ಥಾನದಲ್ಲಿ ಬೇರೊಬ್ಬನನ್ನು ನಿಲ್ಲಿಸುವದು ಎಷ್ಟರ ಮಟ್ಟಿಗೆ ಸಾಧ್ಯವೆಂಬದನ್ನು ನಾವು ವಿಚಾರಿಸೋಣ.

ಬಾಡಿಗೆ ಕೊಡುವದು, ಆಳುಗಳಿಗೆ ಸಂಬಳ ಹಂಚುವದು, ಬ್ಯಾಂಕಿನಿಂದ ಹಣ ತೆಗೆಯುವದು, ಇವೆಲ್ಲವನ್ನೂ ಮುಖ್ತ್ಯಾರನಾಮೆಯ ಮೂಲಕ ಒಪ್ಪಿಸಬಹುದು. ಬೆರಳಿನ ವಿದ್ಯೆಯನ್ನಾದರೋ ಯಾವ ಛಾಪಾಕಾಗದವೂ ದಾಟಿಸಲಾರದು. ಆ ಅಂಗಡಿಗೆ ಜನರು ಬರುವದು ಅವನ ಕೈಗಳಿಗೋಸ್ಕರವೇ ಅಲ್ಲವೇ?

ಆದರೆ ನಮ್ಮನ್ನು ಹೆಚ್ಚಾಗಿ ಕಾಡುವ ಸಂಗತಿ ಬೇರೆ. 1872ನೆಯ ಇಸವಿಯ ಕರಾರು ಕಾಯಿದೆಯ 201ನೆಯ ಕಲಮಿನ ಪ್ರಕಾರ, ಯಜಮಾನನು ಸತ್ತರೆ ಮಾತ್ರವಲ್ಲ, ಬುದ್ಧಿಸ್ವಾಧೀನ ತಪ್ಪಿದರೂ ಸಾಧಾರಣವಾಗಿ ಮುಖ್ತ್ಯಾರನ ಅಧಿಕಾರ ಮುಗಿಯುತ್ತದೆ. ಆಸರೆಯು ಅತ್ಯಂತ ಬೇಕಾದ ದಿನವೇ ಊರುಗೋಲು ಮುರಿಯುತ್ತದೆ. ಮನೆಯವರು ನ್ಯಾಯಾಲಯದ ಬಾಗಿಲಿಗೆ ಹೋಗಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ 2005ರ ಕಾಯಿದೆಯು ಬುದ್ಧಿ ಹೋದ ಮೇಲೂ ನಿಲ್ಲುವಂಥ ಪತ್ರಕ್ಕೆ ಎಡೆ ಕೊಟ್ಟಿತು. ಹಾಗಾದರೆ ನಮ್ಮ ಕಾಯಿದೆಯು ಕಠಿಣವೋ? ಹೌದೆಂದೇ ತೋರುತ್ತದೆ. ಆದರೂ ಮಾತಾಡಲಾರದವನ ಹೆಸರಿನಲ್ಲಿ ರುಜು ಹಾಕುವವನನ್ನು ತಡೆಯುವವರು ಯಾರು? ಯಜಮಾನನಿಗೆ ಪ್ರಶ್ನಿಸುವ ಶಕ್ತಿ ಇರುವ ವರೆಗೆ ಮಾತ್ರ ಅವನು ಮುಖ್ತ್ಯಾರನ ನಂಬಿಗಸ್ತಿಕೆಯನ್ನು ತಾನೇ ಪರೀಕ್ಷಿಸಬಲ್ಲನು.

ಆದಕಾರಣ ಹತ್ತಿರದ ನಂಟನಿಗೇ ಪತ್ರ ಬರಕೊಡುವ ವಾಡಿಕೆಯು ನಮಗೆ ಅಷ್ಟಾಗಿ ಹಿಡಿಸದು. ಲೆಕ್ಕ ಕೇಳಿದಾಗ ಒಪ್ಪಿಸುವದು ಮುಖ್ತ್ಯಾರನ ಮೇಲೆ ಕಾಯಿದೆಯೇ ಹೊರಿಸಿರುವ ಭಾರ. ಭಾವಮೈದುನನ ಹತ್ತಿರ ಲೆಕ್ಕ ಕೇಳಲು ನಮ್ಮಲ್ಲಿ ಎಷ್ಟು ಮಂದಿಗೆ ನಾಲಿಗೆ ಏಳುತ್ತದೆ? ಯಾವ ಕೆಲಸ, ಎಷ್ಟು ಹಣ, ಯಾವ ದಿನದ ತನಕ ಎಂಬದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿಸಬೇಕು. ಅದನ್ನು ರದ್ದುಮಾಡಿದರೆ ಬ್ಯಾಂಕಿಗೂ ಅಂಗಡಿಯ ಒಡೆಯನಿಗೂ ಕೂಡಲೇ ತಿಳಿಸತಕ್ಕದ್ದು. ಸಂಗತಿ ತಿಳಿಯದೆ ವ್ಯವಹರಿಸಿದವರ ಪಾಲಿಗೆ ಹಳೆಯ ಅಧಿಕಾರವು ಇನ್ನೂ ಜೀವದಿಂದಿರುತ್ತದೆ.